ನಕ್ಷೆ ಕೋಣೆಯ ಕಂಪ್ಯೂಟರು ಮಲಗುವುದಿಲ್ಲ

ಸೆಪ್ಟೆಂಬರ್ 2, ಸೋಮವಾರ

ಕುಲಸಚಿವರು ಕರೆಸಿದ್ದರು. ಕುಳಿತುಕೊಳ್ಳಿ ಎಂದೂ ಹೇಳದೆ ವಿಷಯಕ್ಕೆ ಬಂದರು. ವಿಶ್ವವಿದ್ಯಾಲಯ ಸುಡುವ ಕರೆಂಟಿನಲ್ಲಿ ದೊಡ್ಡ ಪಾಲು ಕಂಪ್ಯೂಟರುಗಳದ್ದಂತೆ, ಅದರಲ್ಲಿ ಅರ್ಧಕ್ಕರ್ಧ ಅವುಗಳ ಮುಂದೆ ಯಾರೂ ಕೂತಿರದ ಹೊತ್ತಿನದ್ದಂತೆ. ವರ್ಷ ಮುಗಿಯುವುದರೊಳಗೆ ಐದರಲ್ಲಿ ಒಂದು ಪಾಲು ಇಳಿಯಬೇಕು. "ಹೇಗೆ ಇಳಿಸ್ತೀರೋ ನಿಮಗೆ ಬಿಟ್ಟಿದ್ದು. ಕಂಪ್ಯೂಟರ್ ವಿಭಾಗಕ್ಕೆ ಈಗ ನೀವೇ ಮುಖ್ಯಸ್ಥರು ತಾನೆ?" ಎಂದರು. ಆ 'ಈಗ' ಬೇಕಿರಲಿಲ್ಲ.

ಹೌದು, ಈಗ ನಾನೇ. ಹೋದ ವರ್ಷದವರೆಗೆ ಈ ಹುದ್ದೆಯಲ್ಲಿ ಭಾವ ಇದ್ದರು, ನನ್ನ ಅಕ್ಕನ ಗಂಡ. ನನ್ನನ್ನು ಈ ಕೆಲಸಕ್ಕೆ ಎಳೆದು ತಂದವರೂ ಅವರೇ, ಇಷ್ಟು ವರ್ಷ ಎದುರಿನ ಮೇಜಿನಲ್ಲಿ ಕೂತವರೂ ಅವರೇ. ಅವರ ಬಾಯಿಗೆ ಬಿಡುವಿರಲಿಲ್ಲ, ಹಾಗಾಗಿ ನನ್ನ ಕಿವಿಗೂ ಇರಲಿಲ್ಲ. ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು, ಮಾತು ಮೂರೂ ಒಂದೇ ಬೆಳಿಗ್ಗೆ ಹೋದವು. ಖಾಲಿ ಕುರ್ಚಿಗಳ ಮುಂದೆ ರಾತ್ರಿಪಾಳಿ ಮಾಡುವ ಕಂಪ್ಯೂಟರುಗಳನ್ನು ಮಲಗಿಸಬೇಕು ಎಂದು ಅವರು ಆಗಲೇ ಬಡಿದುಕೊಳ್ಳುತ್ತಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಅದೇ ಮಾತು ಕುಲಸಚಿವರ ಸ್ವಂತ ಆಲೋಚನೆಯಾಗಿ ನನ್ನ ತಲೆಯ ಮೇಲೆ ಬಂದು ಕೂತಿದೆ.

ಮನೆಗೆ ಬಂದು ಇದನ್ನೆಲ್ಲ ಯಾರಿಗೆ ಹೇಳುವುದು? ಮದುವೆಯಾಗದವನಿಗೆ ಗೋಡೆಯೇ ಗತಿ. ಅದಕ್ಕೇ ಈ ದಿನಚರಿ. ಗೋಡೆಗಿಂತ ವಾಸಿ.

ಸೆಪ್ಟೆಂಬರ್ 5, ಗುರುವಾರ

ಎಲ್ಲ ವಿಭಾಗದವರನ್ನೂ ಕೂಡಿಸಿ ಹೊಸ ನಿಯಮ ತಿಳಿಸಿದೆ. ಕಾಲು ಗಂಟೆ ಯಾರೂ ಮುಟ್ಟದಿದ್ದರೆ ಕಂಪ್ಯೂಟರು ತಾನೇ ನಿದ್ದೆಗೆ ಜಾರುತ್ತದೆ. ಮೌಸು ಅಲುಗಾಡಿಸಿದರೆ ಏಳುತ್ತದೆ, ಒಳಗಿದ್ದದ್ದು ಇದ್ದ ಹಾಗೇ ಇರುತ್ತದೆ. ಇಷ್ಟೇ ವಿಷಯ. ಇದಕ್ಕೆ ಒಂದು ಬೆಳಗೆಲ್ಲ ಹೋಯಿತು.

ಇತಿಹಾಸದವರು, "ನಿದ್ದೇಲಿ ನನ್ನ ಪುಸ್ತಕ ಅಳಿಸಿ ಹೋದ್ರೆ ನೀವು ಬರ್ಕೊಡ್ತೀರಾ?" ಎಂದರು. ಅರ್ಥಶಾಸ್ತ್ರದ ದಪ್ಪ ಮೀಸೆಯವರು, ತಮ್ಮದೊಂದು ಮಲಗಿದರೆ ಲೋಕದ ಅರ್ಥವ್ಯವಸ್ಥೆಯೇ ಮಲಗುತ್ತದೆ ಎನ್ನುವಂತೆ ಮಾತಾಡಿದರು. ರಸಾಯನಶಾಸ್ತ್ರದವರು ಮಾತ್ರ ನನ್ನ ಪರ. "ನಾನಂತೂ ದಿನಾ ಆರಿಸಿಯೇ ಹೋಗೋದು" ಎಂದರು. ಅವರು ಆರಿಸುವುದು ಪರದೆಯನ್ನು, ಪೆಟ್ಟಿಗೆಯನ್ನಲ್ಲ ಎಂದು ನನಗೆ ಗೊತ್ತು. ಇರುವ ಒಬ್ಬ ಬೆಂಬಲಿಗರನ್ನೂ ಕಳೆದುಕೊಳ್ಳುವುದು ಬೇಡವೆಂದು ಸುಮ್ಮನಿದ್ದೆ.

ಅಕ್ಕನೂ ಬಂದಿದ್ದಳು. ಅವಳು ಗ್ರಂಥಾಲಯದ ನಕ್ಷೆ ಕೋಣೆಯ ಮೇಲ್ವಿಚಾರಕಿ. ಕೊನೆಯ ಸಾಲಿನಲ್ಲಿ ಕೂತು, ನಾನು ಮಾತು ಮುಗಿಸುವ ಮೊದಲೇ ಎದ್ದು ಹೋದಳು. ನನ್ನ ಕಡೆ ನೋಡಲಿಲ್ಲ. ನಾನೂ ಅವಳು ಹೋದ ಬಾಗಿಲನ್ನಷ್ಟೇ ನೋಡಿದೆ.

ಸಂಜೆ ಮನೆಯ ಬೀಗ ತೆಗೆಯುವಾಗ ನೆನಪಾಯಿತು, ನನ್ನ ಕಂಪ್ಯೂಟರನ್ನೇ ಆರಿಸಿ ಬಂದಿಲ್ಲ.

ಸೆಪ್ಟೆಂಬರ್ 8, ಭಾನುವಾರ

ಭಾನುವಾರಗಳು ಬರದಿದ್ದರೆ ಚೆನ್ನಾಗಿತ್ತು. ಇಷ್ಟು ವರ್ಷ ಭಾನುವಾರ ಎಂದರೆ ಅಕ್ಕನ ಮನೆ. ಹೋಗುವುದು, ಉಣ್ಣುವುದು, ಭಾವನ ಮಾತು ಕೇಳುತ್ತ ಅಲ್ಲೇ ಸೋಫಾದಲ್ಲಿ ನಿದ್ದೆ ಹೋಗುವುದು, ನಿದ್ದೆ ಹೋಗಿದ್ದಕ್ಕೆ ಬೈಸಿಕೊಳ್ಳುವುದು. ಈಗ ಮೊಟ್ಟೆ ಬೇಯಿಸಿಕೊಳ್ಳುತ್ತೇನೆ. ಬಟ್ಟೆ ಒಗೆಯುತ್ತೇನೆ. ಹನ್ನೊಂದಕ್ಕೆಲ್ಲ ದಿನ ಮುಗಿದಿರುತ್ತದೆ.

ಜಗಳ ಎಂದರೆ ಜಗಳವೂ ಅಲ್ಲ. ಭಾವ ಆಸ್ಪತ್ರೆಯಿಂದ ಮನೆಗೆ ಬಂದ ವಾರವೇ ಅವರ ಹುದ್ದೆಗೆ ನನ್ನನ್ನು ಹಾಕಿದರು. ನಾನು ಕೇಳಿ ಪಡೆದದ್ದಲ್ಲ. ಕೋಣೆ ಖಾಲಿ ಮಾಡಿಕೊಳ್ಳಿ ಎಂದರು, ಮಾಡಿಕೊಂಡೆ. ಅವರ ಮೇಜಿನಲ್ಲಿದ್ದದ್ದೆಲ್ಲ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿದೆ: ಲೋಟ, ಕನ್ನಡಕ, ಡ್ರಾಯರಿನಲ್ಲಿ ಬಿಚ್ಚಿಟ್ಟಿದ್ದ ಸ್ಟೀಲಿನ ಕೈಗಡಿಯಾರ. ಒಂದನ್ನೂ ಬಿಡಲಿಲ್ಲ. ಜವಾನನ ಕೈಯಲ್ಲಿ ಮನೆಗೆ ಕಳಿಸಿದೆ. ಸಂಜೆ ಅಕ್ಕ ಫೋನ್ ಮಾಡಿದಳು. "ಅವ್ರಿನ್ನೂ ಬದುಕಿದಾರೆ ಪುಟ್ಟು. ಕುರ್ಚಿ ಬಿಸಿ ಆರೋ ಮುಂಚೆ ಕೂತ್ಬಿಟ್ಯಲ್ಲ. ಆ ಪೆಟ್ಟಿಗೆ ತರೋಕೂ ನಿನಗೆ ಕಾಲು ಬರಲಿಲ್ವಾ?" ಎಂದಳು. ನಾನು, ಆಫೀಸಿನ ಆದೇಶ ಅಕ್ಕ, ಎಂದೆ. ಅವಳು ಫೋನಿಟ್ಟಳು. ಅಷ್ಟೇ.

ಕಾಲು ಬರಲಿಲ್ಲ ಎನ್ನುವುದು ನಿಜ. ಆಸ್ಪತ್ರೆಯಲ್ಲಿ ಒಮ್ಮೆ ನೋಡಿದ್ದೆ. ಅವರ ಕಣ್ಣು ನನ್ನ ಮೇಲೆ ಹಾದು, ನಿಲ್ಲದೆ ಗೋಡೆಗೆ ಹೋಯಿತು. ಡಾಕ್ಟರು, ಎಷ್ಟು ಅರ್ಥವಾಗುತ್ತದೆಯೋ ಹೇಳಲಾಗದು ಎಂದರು. ನನ್ನ ಗುರುತೇ ಸಿಗದ ಭಾವನ ಎದುರು ಕೂರುವ ಧೈರ್ಯ ನನಗಿಲ್ಲ. ಇದನ್ನು ಅಕ್ಕನಿಗೆ ಹೇಗೆ ಹೇಳುವುದು? ತಪ್ಪು ನನ್ನದೇ ಎಂದೂ ಅನ್ನಿಸುವುದಿಲ್ಲ. ಆದೇಶ ಆದೇಶವೇ.

ಸೆಪ್ಟೆಂಬರ್ 12, ಗುರುವಾರ

ನಿಯಮ ಜಾರಿಗೆ ಬಂತು. ಬೆಳಿಗ್ಗೆಯಿಂದ ಫೋನು ಹೊಡೆದುಕೊಂಡಿದ್ದೇ ಹೊಡೆದುಕೊಂಡಿದ್ದು. "ನನ್ನ ಕಂಪ್ಯೂಟರು ಸತ್ತಿದೆ" ಎಂದವರಿಗೆಲ್ಲ ಮೌಸು ಅಲ್ಲಾಡಿಸಿ ಎನ್ನುವುದೇ ನನ್ನ ಕೆಲಸವಾಯಿತು. ಮಧ್ಯಾಹ್ನದ ಹೊತ್ತಿಗೆ ಅದನ್ನು ಮಂತ್ರದ ಹಾಗೆ ಹೇಳುತ್ತಿದ್ದೆ.

ಸಂಜೆ ಟಾರ್ಚು ಹಿಡಿದು ಕಟ್ಟಡ ಸುತ್ತಿದೆ. ಯಾರ ಪೆಟ್ಟಿಗೆ ಇನ್ನೂ ಗುಂಯ್ ಎನ್ನುತ್ತಿದೆ ಎಂದು ಕಿವಿಗೊಟ್ಟು ನೋಡಬೇಕು. ಕಚೇರಿಯಲ್ಲಿ ಕೂತರೆ ನನ್ನ ಪರದೆಯ ಪಟ್ಟಿಯಲ್ಲೇ ಕಾಣುತ್ತದೆ, ಎಚ್ಚರವಿದ್ದದ್ದಕ್ಕೆ ಹಸಿರು ಚುಕ್ಕೆ; ಸುತ್ತಲೇಬೇಕೆಂದಿಲ್ಲ. ಆದರೆ ಬೇಗ ಮನೆಗೆ ಹೋಗಿ ಮಾಡುವುದೇನು?

ಇಡೀ ಕ್ಯಾಂಪಸ್ಸೇ ನಿದ್ದೆ ಹೋಗಿತ್ತು, ಒಂದನ್ನು ಬಿಟ್ಟು. ಪಟ್ಟಿಯಲ್ಲಿ ಒಂದೇ ಒಂದು ಹಸಿರು ಚುಕ್ಕೆ: ನಕ್ಷೆ ಕೋಣೆ. ಅಕ್ಕ ನಿಯಮ ಬರುವ ಮೊದಲೇ ತನ್ನ ಯಂತ್ರದ ಸೆಟ್ಟಿಂಗು ಬದಲಿಸಿಕೊಂಡಿದ್ದಾಳೆ. ಭಾವನ ಹೆಂಡತಿಗೆ ಅಷ್ಟು ಗೊತ್ತಿರದೆ ಇರುತ್ತದೆಯೇ? ನನ್ನ ಮೇಲಿನ ಸಿಟ್ಟನ್ನು ಕರೆಂಟಿನ ಮೇಲೆ ತೀರಿಸಿಕೊಳ್ಳುತ್ತಿದ್ದಾಳೆ.

ಸೆಪ್ಟೆಂಬರ್ 15, ಭಾನುವಾರ

ಮನೆಯಲ್ಲಿ ಇರಲಾಗಲಿಲ್ಲ. ಕ್ಯಾಂಪಸ್ಸಿಗೆ ಹೋಗಿ ಗ್ರಂಥಾಲಯದ ಎದುರಿನ ಬೆಂಚಿನಲ್ಲಿ ಕೂತು ಬಂದೆ. ಯಾರೂ ಇರಲಿಲ್ಲ.

ಸೆಪ್ಟೆಂಬರ್ 17, ಮಂಗಳವಾರ

ಅಕ್ಕನಿಗೆ ಅಧಿಕೃತವಾಗಿ ಇಮೇಲ್ ಬರೆದೆ. 'ನಿಮ್ಮ ಕೋಣೆಯ ಕಂಪ್ಯೂಟರು ದಿನವಿಡೀ ಎಚ್ಚರವಿರುವುದು ಗಮನಕ್ಕೆ ಬಂದಿದೆ. ಹೀಗೆ ಇಡುವ ಅಗತ್ಯವಿದೆಯೇ?' ಅಕ್ಕನಿಗೆ ನಿಮ್ಮ ಎಂದು ಬರೆದದ್ದು ಇದೇ ಮೊದಲು. ಉತ್ತರ ಬಂತು: 'ಬೇಕು.' ಕಾರಣ ತಿಳಿಸಿ ಎಂದೆ. 'ಬೇಕು' ಎಂದೇ ಮತ್ತೆ ಬಂತು. ಕಚೇರಿಯ ಕೆಲಸಕ್ಕೋ ಸ್ವಂತಕ್ಕೋ ಎಂದು ಕೇಳಿದೆ. 'ಸ್ವಂತಕ್ಕೆ.' ಬೇರೆ ಯಾರಾದರೂ ಆಗಿದ್ದರೆ ಸಂಶೋಧನೆ ಎಂದು ಒಂದು ಸುಳ್ಳು ಬಿಡುತ್ತಿದ್ದರು. ಅಕ್ಕ ಹಟ ಮಾಡುವಾಗಲೂ ಸುಳ್ಳು ಹೇಳುವುದಿಲ್ಲ. ಚಿಕ್ಕಂದಿನಿಂದ ಹಾಗೆಯೇ, ಅದಕ್ಕೇ ನಮ್ಮಿಬ್ಬರಲ್ಲಿ ಏಟು ಹೆಚ್ಚು ತಿಂದವಳು ಅವಳು.

ಸ್ವಂತಕ್ಕೆ ಎಂದರೆ ನಿಯಮದ ಪ್ರಕಾರ ಇಲ್ಲ. ಅಕ್ಕ ಎಂದು ರಿಯಾಯಿತಿ ಕೊಟ್ಟರೆ ಮೀಸೆಯವರು ನನ್ನನ್ನು ಬಿಟ್ಟಾರೆಯೇ?

ಸಂಜೆ ಅವಳು ಹೋದ ಮೇಲೆ ನಕ್ಷೆ ಕೋಣೆಗೆ ಹೋದೆ. ಮೊದಲ ಮಹಡಿ, ದೊಡ್ಡ ಕಿಟಕಿ, ಸುರುಳಿ ಸುತ್ತಿದ ನಕ್ಷೆಗಳು ಗೂಡುಗಳಲ್ಲಿ. ಕಂಪ್ಯೂಟರನ್ನು ವಿಚಿತ್ರವಾಗಿ ಇಟ್ಟುಕೊಂಡಿದ್ದಾಳೆ. ಪರದೆಯ ಮುಖ ಪೂರ್ತಿ ಕಿಟಕಿಯ ಕಡೆಗೆ. ಬಿಸಿಲು ನೇರ ಪರದೆಗೇ ಹೊಡೆಯುವ ಹಾಗೆ ಯಾರಾದರೂ ಇಡುತ್ತಾರೆಯೇ? ಸೆಟ್ಟಿಂಗನ್ನು ಮತ್ತೆ ನಿಯಮಕ್ಕೆ ತಂದು, ಬದಲಿಸಲಾಗದಂತೆ ಬೀಗ ಹಾಕಿದೆ. ಕಚೇರಿಗೆ ಮರಳಿ ಪಟ್ಟಿ ನೋಡುವಷ್ಟರಲ್ಲಿ ಅದು ಮಲಗಿತ್ತು. ಗೆದ್ದೆ ಎನ್ನಿಸಬೇಕಿತ್ತು.

ಸೆಪ್ಟೆಂಬರ್ 20, ಶುಕ್ರವಾರ

ಕುಲಸಚಿವರು ಕರೆಸಿ ಕುಳಿತುಕೊಳ್ಳಿ ಎಂದರು! ಒಂದೇ ವಾರದಲ್ಲಿ ಮೀಟರಿನ ಗೆರೆ ಮೆಟ್ಟಿಲಿಳಿದ ಹಾಗೆ ಇಳಿದಿದೆ. ಎಷ್ಟೋ ವರ್ಷಗಳಲ್ಲಿ ಇಷ್ಟು ಚೆಂದದ ಗೆರೆ ನಾನು ನೋಡಿಲ್ಲ. ಅದನ್ನು ಹಿಡಿದುಕೊಂಡು ಹೊರಗೆ ಬಂದೆ, ಯಾರಿಗೆ ತೋರಿಸುವುದೆಂದು ಗೊತ್ತಾಗಲಿಲ್ಲ. ಇದನ್ನು ಪೂರ್ತಿ ಅರ್ಥ ಮಾಡಿಕೊಂಡು, ಮೊದಲು ಹೊಟ್ಟೆಕಿಚ್ಚುಪಟ್ಟು ಆಮೇಲೆ ಬೆನ್ನು ತಟ್ಟುವವರು ಒಬ್ಬರೇ ಇದ್ದರು.

ಬೆಂಚಿನಲ್ಲಿ ಕೂತು ಬುತ್ತಿ ಬಿಚ್ಚಿದೆ. ಕಚೇರಿಯಲ್ಲಿ ಊಟ ಮಾಡುವುದನ್ನು ಬಿಟ್ಟು ಬಹಳ ದಿನವಾಯಿತು. ಅಲ್ಲಿ ಈಗ ನಾನು ಕೂರುವುದು ಭಾವನ ಮೇಜಿನಲ್ಲಿ. ಅಕ್ಕ ಅದೇ ದಾರಿಯಲ್ಲಿ ಬಂದಳು. ಮುಖ ಬತ್ತಿದೆ, ಕಣ್ಣಿನ ಕೆಳಗೆ ಕಪ್ಪಾಗಿದೆ. ನನ್ನ ಹತ್ತಿರ ಬಂದಾಗ ನಡಿಗೆ ನಿಧಾನವಾಯಿತು, ಏನೋ ಹೇಳುತ್ತಾಳೆ ಎಂದುಕೊಂಡೆ. ತುತ್ತು ಬಾಯಲ್ಲೇ ಇತ್ತು. ಅವಳು ಮೇಲೆ ತನ್ನ ಕಿಟಕಿಯ ಕಡೆ ಒಮ್ಮೆ ನೋಡಿ, ಮುಂದೆ ಹೋದಳು.

ಸೆಪ್ಟೆಂಬರ್ 25, ಬುಧವಾರ

ನಿಧಾನವಾಗಿ ಬರೆಯಬೇಕು.

ಬೆಳಿಗ್ಗೆ ಪಟ್ಟಿ ತೆಗೆದರೆ ನಕ್ಷೆ ಕೋಣೆ ಮತ್ತೆ ಹಸಿರು. ನಿನ್ನೆಯಿಂದ ಒಂದು ಕ್ಷಣವೂ ಮಲಗಿಲ್ಲ. ಬೀಗ ಹಾಕಿದ ಸೆಟ್ಟಿಂಗು ಹಾಕಿದ ಹಾಗೇ ಇದೆ. ತಲೆ ಕೆಟ್ಟುಹೋಯಿತು. ತಂತಿ, ಜಾಲ ನೋಡಿಕೊಳ್ಳುವ ನನ್ನ ಸಹೋದ್ಯೋಗಿಯನ್ನು ಎಲ್ಲರೂ ಕೇಬಲ್ ಮೇಡಂ ಎನ್ನುತ್ತಾರೆ. ಅವರನ್ನು ಕರೆದೆ. ನೋಡಿ ಹೇಳಿದರು: "ಯಾರೋ ಮೌಸು ಆಡಿಸ್ತಾನೇ ಇದಾರೆ ಸರ್. ಒಂಚೂರೇ ಚೂರು. ನಿಲ್ಲಿಸ್ತಾನೇ ಇಲ್ಲ."

"ಯಾರೂ ಇಲ್ಲದ ಕೋಣೇಲಿ?"

"ದೆವ್ವ ಇರಬೇಕು. ನಿಮ್ಮ ನಿಯಮದಲ್ಲಿ ದೆವ್ವಕ್ಕೆ ರಿಯಾಯಿತಿ ಇದ್ಯಾ?"

ಸಂಜೆ ಹೋದೆ. ಅಕ್ಕ ಆಗಲೇ ಹೊರಟಿದ್ದಳು. ಟಾರ್ಚು ಹಾಕಿ ನೋಡಿದರೆ ಮೇಜಿನ ಮೇಲೆ ಮೌಸು ಸ್ವಲ್ಪ ಎತ್ತರದಲ್ಲಿ ಕೂತಿದೆ. ಅದರ ಹೊಟ್ಟೆಯ ಕೆಳಗೆ ಒಂದು ಕೈಗಡಿಯಾರ. ಮೌಸಿನ ಕೆಂಪು ಬೆಳಕು ಗಡಿಯಾರದ ಮುಖಕ್ಕೆ ಬೀಳುತ್ತಿತ್ತು, ಸೆಕೆಂಡಿನ ಮುಳ್ಳು ಅದರಡಿಯಲ್ಲಿ ಹಾದುಹೋಗುತ್ತಿತ್ತು. ಮುಳ್ಳು ಹಾದಾಗಲೆಲ್ಲ ಯಾರೋ ಮೌಸು ಸರಿಸಿದರು ಎಂದು ಕಂಪ್ಯೂಟರು ತಿಳಿದುಕೊಂಡು ಎಚ್ಚರವಾಗಿರುತ್ತಿತ್ತು.

ಭಾವನ ಗಡಿಯಾರ. ನಾನೇ ಪೆಟ್ಟಿಗೆಗೆ ಹಾಕಿದ್ದು.

ಉಪಾಯವೂ ಭಾವನದೇ. ಬಹಳ ಹಿಂದೆ, ಅವರು ಪರೀಕ್ಷೆಗೆಂದು ನಮ್ಮ ಕೋಣೆಯ ಕಂಪ್ಯೂಟರುಗಳನ್ನು ಮಲಗಿಸಲು ನೋಡಿದಾಗ, ಮೇಧಾವಿಗಳು ಈ ನಿಯಮಕ್ಕೆ ಹೇಗೆ ಕನ್ನ ಹಾಕುತ್ತಾರೆ ನೋಡು ಎಂದು ಹೀಗೇ ಗಡಿಯಾರ ಬಿಚ್ಚಿ ಮೌಸಿನಡಿ ಇಟ್ಟು ತೋರಿಸಿದ್ದರು. ಆಗ ಕೋಣೆಯಲ್ಲಿ ಇದ್ದವರು ನಾವಿಬ್ಬರೇ. ಯಾರಿಗೂ ಹೇಳಬೇಡ, ಹೇಳಿದರೆ ನಾಳೆ ಎಲ್ಲರ ಮಣಿಕಟ್ಟೂ ಖಾಲಿ ಎಂದಿದ್ದರು. ನಾನು ಯಾರಿಗೂ ಹೇಳಿಲ್ಲ. ಅಕ್ಕನಿಗೆ ಮೊದಲೇ ಗೊತ್ತಿದ್ದರೆ ನಾನು ಬೀಗ ಹಾಕಿದ ಮರುದಿನವೇ ಗಡಿಯಾರ ಇಡುತ್ತಿದ್ದಳು, ವಾರ ಕಾಯುತ್ತಿರಲಿಲ್ಲ. ಹಾಗಾದರೆ ಅಕ್ಕನಿಗೆ ಹೇಳಿಕೊಟ್ಟವರು ಯಾರು?

ಭಾವನಿಗೆ ನೆನಪಿದೆ. ಎಲ್ಲ ನೆನಪಿದೆ. ಮಾತಿಲ್ಲದೆ, ಒಂದು ಕೈ ಇಲ್ಲದೆ, ಇದನ್ನು ಅಕ್ಕನಿಗೆ ತಿಳಿಸಿದ್ದಾರೆ. ಆ ಮನುಷ್ಯ ಒಳಗೆ ಪೂರ್ತಿ ಇದ್ದಾರೆ, ಮತ್ತು ನಾನು ಇಷ್ಟು ದಿನ ಅವರನ್ನು ಇಲ್ಲವೆಂದು ತೀರ್ಮಾನಿಸಿ ಕೂತಿದ್ದೇನೆ. ಮೌಸನ್ನು ಮುಟ್ಟಲಿಲ್ಲ. ಬಾಗಿಲು ಎಳೆದುಕೊಂಡು ಬಂದೆ.

ಸೆಪ್ಟೆಂಬರ್ 26, ಗುರುವಾರ

ಬೆಳಿಗ್ಗೆ ಗ್ರಂಥಾಲಯದ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಂತೆ. ಅಕ್ಕ ಬಂದಳು, ನನ್ನನ್ನು ನೋಡಿದಳು, ಮೆಟ್ಟಿಲು ಹತ್ತಿದಳು. ಹಿಂದೆಯೇ ಹತ್ತಿದೆ. ಕೋಣೆಗೆ ಹೋದವಳೇ ಕಂಪ್ಯೂಟರಿಗೆ ಬೆನ್ನುಕೊಟ್ಟು, ನಾನು ಕದಿಯಲು ಬಂದವನು ಎನ್ನುವಂತೆ ನಿಂತಳು.

"ಆರಿಸೋಕೆ ಬಂದ್ಯಾ?"

"ಇಲ್ಲ. ಗಡಿಯಾರದ ಉಪಾಯ ನಿನಗೆ ಯಾರು ಹೇಳ್ಕೊಟ್ರು?"

ಅವಳು ಕೈಚೀಲವನ್ನು ಮೇಜಿನ ಮೇಲಿಟ್ಟಳು. "ಇನ್ಯಾರು. ಎಡಗೈಲಿ ಬಿಡಿಸಿ ತೋರಿಸಿದ್ರು. ಒಂದು ದುಂಡಗಿನ ಗೆರೆ, ಅದರ ಮೇಲೆ ಬಾಲ ಇರೋ ಇಲಿ. ನನಗೆ ಎರಡು ದಿನ ಅರ್ಥಾನೇ ಆಗಲಿಲ್ಲ. ಮನೇಲಿ ಇಲಿ ಬಂದಿದೆ ಅಂತಿದಾರೆ ಅಂದ್ಕೊಂಡು ಮಂಚದ ಕೆಳಗೆಲ್ಲ ಹುಡುಕಿದೆ. ಬೈತಾ ಇದ್ರು ಅನ್ಸುತ್ತೆ, ಬಾಯಿ ಇದ್ದಿದ್ರೆ."

ನಗು ಬರುವ ಮಾತು. ಇಬ್ಬರೂ ನಗಲಿಲ್ಲ.

"ಇದು ಯಾಕೆ ಆನ್ ಇರಬೇಕು ಅಕ್ಕ?"

"ನೀನೇ ನೋಡು" ಎಂದು ಪಕ್ಕಕ್ಕೆ ಸರಿದಳು.

ಪರದೆಯ ನೆತ್ತಿಯಲ್ಲಿ ಕ್ಯಾಮೆರಾ, ಅದರ ಮುಖ ಕಿಟಕಿಗೆ. ಪರದೆಯ ಜಾಗದಲ್ಲಿ ನಿಂತು ನಾನೂ ಅತ್ತ ನೋಡಿದೆ. ಕೆಳಗೆ ಉದ್ದನೆಯ ದಾರಿ, ಕ್ಯಾಂಟೀನಿನ ಮೆಟ್ಟಿಲು, ಮರ, ನನ್ನ ಬೆಂಚು. ಅಕ್ಕ ಹೇಳಿದಳು: "ಮನೇಲಿ ಅವರ ಮಂಚದ ಎದುರು ಒಂದು ಪರದೆ ಹಾಕ್ಸಿದೀನಿ. ಇಲ್ಲಿಂದ ಕಾಣೋದೆಲ್ಲ ಅಲ್ಲಿ ಕಾಣುತ್ತೆ. ಬರೀ ಗೋಡೆ ನೋಡ್ಕೊಂಡು ಎಷ್ಟು ಅಂತ ಇರ್ತಾರೆ? ಇಷ್ಟು ವರ್ಷ ಓಡಾಡಿದ ದಾರಿ. ನಸುಕಿಗೇ ಎಚ್ಚರ ಆಗುತ್ತೆ ಅವರಿಗೆ, ಬೆಳಕು ಬರೋದು ನೋಡ್ಬೇಕು. ಇದು ಒಂದ್ಸಲ ಮಲಗಿದ್ರೆ ಮನೆಯಿಂದ ಎಬ್ಬಿಸೋಕೆ ನನಗೆ ಬರಲ್ಲ."

"ನನಗೆ ಹೇಳಬಾರದಿತ್ತಾ? ಕಾರಣ ಕೇಳಿದ್ನಲ್ಲ."

"ಅದನ್ನ ಇಮೇಲಲ್ಲಿ ಬರೀಬೇಕಿತ್ತಾ ನಿನಗೆ?" ಎಂದಳು. ಆಮೇಲೆ ದನಿ ಇಳಿಸಿ, "ಅವರು ದಾರಿ ನೋಡಲ್ಲ ಪುಟ್ಟು. ನಿನ್ನ ನೋಡ್ತಾರೆ. ಬೆಳಿಗ್ಗೆ ನೀನು ಬರೋದು, ಮಧ್ಯಾಹ್ನ ಬೆಂಚಲ್ಲಿ ಒಬ್ಬನೇ ಡಬ್ಬಿ ತೆಗೆಯೋದು, ಸಂಜೆ ಟಾರ್ಚು ಹಿಡ್ಕೊಂಡು ಹೊರಡೋದು. ಭಾನುವಾರಾನೂ ಬಂದು ಕೂತಿದ್ಯಂತೆ. ಅವರನ್ನ ನೋಡ್ಕೊಳ್ಳೋ ನರ್ಸಮ್ಮ ಹೇಳಿದ್ಲು, ಅವತ್ತು ನೀನು ಎದ್ದು ಹೋಗೋವರೆಗೂ ಮಾತ್ರೆ ನುಂಗಲಿಲ್ವಂತೆ."

ನಾಚಿಕೆಯೋ ಸಂಕಟವೋ ಗೊತ್ತಿಲ್ಲ. ಬೆಂಚಿನಲ್ಲಿ ಕೂತು ಮೂಗು ಕೆರೆದುಕೊಂಡದ್ದು, ಒಬ್ಬನೇ ಗೊಣಗಿದ್ದು, ಬ್ರೆಡ್ಡು ಕೆಳಗೆ ಬಿದ್ದಾಗ ಅತ್ತಿತ್ತ ನೋಡಿ ಒರೆಸಿ ತಿಂದದ್ದು, ಎಲ್ಲ ಕಣ್ಣ ಮುಂದೆ ಬಂತು. ಈ ಊರಿನಲ್ಲಿ ನಾನು ಇದ್ದೇನೋ ಸತ್ತೆನೋ ನೋಡುವವರಿಲ್ಲ ಎಂದುಕೊಂಡೇ ದಿನ ದೂಡಿದ್ದೆನಲ್ಲ. ಅಕ್ಕನಿಗೆ ಏನಾದರೂ ಹೇಳಬೇಕಿತ್ತು. "ಫೋನ್ ಬರ್ತಿದೆ" ಎಂದು ಹೇಳಿ ಇಳಿದು ಬಂದೆ. ಫೋನೂ ಇರಲಿಲ್ಲ, ಗೀನೂ ಇರಲಿಲ್ಲ.

ಬೆಂಚಿನ ದಾರಿ ಬಿಟ್ಟು, ಕಟ್ಟಡದ ಹಿಂದಿನಿಂದ ಸುತ್ತಿಕೊಂಡು ಹೋದೆ.

ಸೆಪ್ಟೆಂಬರ್ 27, ಶುಕ್ರವಾರ

ನಕ್ಷೆ ಕೋಣೆಯ ಕಂಪ್ಯೂಟರಿಗೆ ವಿನಾಯಿತಿ ಕೊಟ್ಟುಬಿಟ್ಟೆ. ಕಾರಣದ ಜಾಗದಲ್ಲಿ 'ದೀರ್ಘಕಾಲೀನ ವೀಕ್ಷಣೆ' ಎಂದು ಹಾಕಿದೆ. ಸುಳ್ಳೇನಲ್ಲ. ಕುಲಸಚಿವರು ಕೇಳಿದರೆ ನಾನು ಹೊಣೆ. ಅಕ್ಕನಿಗೆ ಇಮೇಲ್ ಕಳಿಸಿದೆ: 'ಇನ್ನು ಗಡಿಯಾರ ಬೇಡ. ಎಷ್ಟು ದಿನ ಬೇಕಾದರೂ ಇರಲಿ.' ಕೆಳಗೆ, 'ಭಾವನಿಗೂ ಹೇಳು' ಎಂದು ಸೇರಿಸಿದೆ. ಮನಸ್ಸು ಹಗುರವಾಗಿದೆ. ನಿಯಮ ಮುರಿದದ್ದು ನನ್ನ ಜೀವಮಾನದಲ್ಲಿ ಇದೇ ಮೊದಲು, ಅದೂ ಭಾವನಿಗಾಗಿ. ಇದಕ್ಕಿಂತ ಹೆಚ್ಚು ಯಾರು ಏನು ಮಾಡಲು ಸಾಧ್ಯ?

ಮಧ್ಯಾಹ್ನ ಬೆಂಚಿನಲ್ಲೇ ಊಟ ಮಾಡಿದೆ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದೆ. ಕಿಟಕಿಯ ಕಡೆ ನೋಡಬಾರದೆಂದುಕೊಂಡು ನಾಲ್ಕೈದು ಸಲ ನೋಡಿದೆ. ಬುತ್ತಿ ಮುಚ್ಚುವಾಗ ಸ್ವಲ್ಪವೇ ಕೈ ಎತ್ತಿದೆ. ದಾರಿಯಲ್ಲಿ ಹೋಗುತ್ತಿದ್ದ ಮೀಸೆಯವರು ತಮಗೇ ಎಂದುಕೊಂಡು ಅವರೂ ಕೈ ಎತ್ತಿದರು.

ಅಕ್ಟೋಬರ್ 1, ಮಂಗಳವಾರ

ಅಕ್ಕ ಕಚೇರಿಗೆ ಬಂದಳು. ಭಾವ ಬಿದ್ದ ಮೇಲೆ ಈ ಕೋಣೆಗೆ ಅವಳು ಕಾಲಿಟ್ಟದ್ದು ಇದೇ ಮೊದಲು. ನಾನು ಧಡಕ್ಕನೆ ಎದ್ದೆ. ಅವಳು ಭಾವನ ಕುರ್ಚಿ, ಅಂದರೆ ನನ್ನ ಕುರ್ಚಿ, ನೋಡಿದಳು. ಕೇಬಲ್ ಮೇಡಂ ಜಾಣೆ, ಏನೋ ಕೆಲಸ ನೆನಪಾದವರ ಹಾಗೆ ಎದ್ದು ಹೊರಗೆ ಹೋದರು.

"ನಿನ್ನ ವಿನಾಯಿತಿ ಬೇಡ್ವಂತೆ" ಎಂದಳು ಅಕ್ಕ.

"ಯಾರಿಗೆ?"

"ಅವರಿಗೆ. ಅಕ್ಷರದ ಹಲಗೆ ಮಾಡ್ಕೊಂಡಿದೀವಿ, ಎಡಗೈ ಬೆರಳಲ್ಲಿ ಒಂದೊಂದೇ ತೋರಿಸ್ತಾರೆ. ನೀನು ಆನ್ ಇಡೋಕೆ ಬಿಟ್ಟಿದೀಯ ಅಂತ ಹೇಳಿದೆ. ಖುಷಿ ಪಡ್ತಾರೆ ಅಂದ್ಕೊಂಡಿದ್ದೆ. ಹಲಗೆ ಕೊಡು ಅಂದ್ರು. ಅಷ್ಟು ಹೇಳೋಕೆ ಸಂಜೆಯೆಲ್ಲ ಆಯ್ತು."

"ಏನಂದ್ರು?"

"'ಬೇಡ. ಆರಿಸು. ಅವನೇ ಬರಲಿ.'"

ಈ ವಾರ ಕೆಲಸ ಜಾಸ್ತಿ, ತಿಂಗಳ ವರದಿ, ಕುಲಸಚಿವರು, ಎಂದೇನೋ ತೊದಲಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು.

"ನನಗೆ ಹೆದರಿಕೆ ಅಕ್ಕ" ಎಂದೆ ಕೊನೆಗೆ. "ಆಸ್ಪತ್ರೇಲಿ ನನ್ನ ಗುರುತೇ ಸಿಗಲಿಲ್ಲ ಅವರಿಗೆ."

"ಸಿಕ್ಕಿತ್ತು. ಆ ಸ್ಥಿತೀಲಿ ನಿನ್ನ ಕಣ್ಣಿಗೆ ಬೀಳೋಕೆ ಅವರಿಗೆ ಇಷ್ಟ ಇರಲಿಲ್ಲ, ಅದಕ್ಕೇ ಆ ಕಡೆ ತಿರುಗಿದ್ದು. ನನಗೂ ಅದು ಗೊತ್ತಾಗಿದ್ದು ಮೊನ್ನೆ ಮೊನ್ನೆ, ಹಲಗೆ ಬಂದ್ಮೇಲೆ." ಬಾಗಿಲ ಹತ್ತಿರ ಹೋಗಿ ನಿಂತಳು. "ಭಾನುವಾರ ಊಟಕ್ಕೆ ಬಾ. ನಾನಂತೂ ಕರೀತಿಲ್ಲ, ನನಗಿನ್ನೂ ಸಿಟ್ಟಿದೆ. ಅವರು ಹೇಳಿದ್ದನ್ನ ಹೇಳ್ದೆ."

ಅಕ್ಟೋಬರ್ 4, ಶುಕ್ರವಾರ

ಸಂಜೆ ನಕ್ಷೆ ಕೋಣೆಗೆ ಹೋದೆ. ಅಕ್ಕ ಕೀಲಿಕೈ ಮೇಜಿನ ಮೇಲಿಟ್ಟು, ಆ ಕಡೆ ತಿರುಗಿ ನಕ್ಷೆಗಳನ್ನು ಸುತ್ತುತ್ತಿದ್ದಳು. ನಾನು ಕಿಟಕಿಗೆ ಬೆನ್ನು ಮಾಡಿ ಕ್ಯಾಮೆರಾದ ಎದುರು ನಿಂತೆ. ಇಷ್ಟು ಹತ್ತಿರದಿಂದ ನನ್ನ ಮೂಗು ಒಂದೇ ಕಂಡಿರಬೇಕು ಅವರಿಗೆ. "ಆರಿಸ್ತಿದೀನಿ ಭಾವ" ಎಂದೆ. ಧ್ವನಿ ಹೋಗುವುದಿಲ್ಲ ಎಂದು ಅಕ್ಕ ಹಿಂದಿನಿಂದ ಹೇಳಿದಳು. ಆದರೂ ಹೇಳಿದೆ. ಗುಂಡಿ ಒತ್ತಿದೆ. ಗುಂಯ್ ಎನ್ನುವ ಸದ್ದು ನಿಂತಿತು.

ಪಟ್ಟಿಯಲ್ಲಿ ಈಗ ಒಂದೂ ಹಸಿರು ಚುಕ್ಕೆ ಇಲ್ಲ. ಕುಲಸಚಿವರಿಗೆ ಸಂತೋಷವಾಗುತ್ತದೆ. ನನಗೆ ಭಾನುವಾರ ಬೆಳಗಿನ ಹೊತ್ತಿಗೆ ಸರಿಯಾಗಿ ತಲೆನೋವು ಬರುವ ಲಕ್ಷಣ ಕಾಣುತ್ತಿದೆ. ಭಾವನ ಎದುರು ಈಗ ಬರೀ ಕಪ್ಪು ಪರದೆ. ನಾನು ಹೋಗದಿದ್ದರೆ ಅವರಿಗೆ ದಾರಿಯೂ ಇಲ್ಲ, ಬೆಂಚೂ ಇಲ್ಲ, ನಾನೂ ಇಲ್ಲ. ಬೇಕೆಂದೇ ಹೀಗೆ ಮಾಡಿದ್ದಾರೆ, ನನ್ನನ್ನು ಚೆನ್ನಾಗಿ ಬಲ್ಲವರು.

ಅಕ್ಟೋಬರ್ 6, ಭಾನುವಾರ

ಹೋಗಿ ಬಂದೆ.

ಬಾಗಿಲು ತೆಗೆದ ಅಕ್ಕ, "ಚಪ್ಪಲಿ ಅಲ್ಲೇ ಬಿಡು" ಎಂದಳು, ಹೋದ ವಾರವಷ್ಟೇ ಬಂದುಹೋದವನಿಗೆ ಹೇಳುವ ಹಾಗೆ. ಕೋಣೆಯಲ್ಲಿ ಔಷಧಿಯ ವಾಸನೆ, ಒಗೆದ ಬಟ್ಟೆಯ ವಾಸನೆ. ಭಾವ ದಿಂಬಿಗೆ ಒರಗಿ ಕೂತಿದ್ದರು. ತೀರಾ ಇಳಿದುಹೋಗಿದ್ದಾರೆ. ಮುಖದ ಒಂದು ಪಕ್ಕ ಜೋತುಬಿದ್ದಿದೆ. ಎದುರಿನ ಗೋಡೆಯಲ್ಲಿ ಪರದೆ ಕಪ್ಪಗಿತ್ತು. ನಾನು ಹೋಗಿ ಅದರ ಮುಂದೆಯೇ ನಿಂತುಬಿಟ್ಟೆ, ಬೇರೆಲ್ಲಿ ನಿಲ್ಲಬೇಕೆಂದು ತೋಚಲಿಲ್ಲ. ಅವರ ಕಣ್ಣು ನನ್ನ ಮೇಲೆ ಬಂದು, ಅಲ್ಲೇ ನಿಂತಿತು.

ಏನು ಮಾತಾಡುವುದು? ನೀವು ಹೇಗಿದ್ದೀರಿ ಎಂದು ಕೇಳಲು ನಾಲಿಗೆ ಏಳಲಿಲ್ಲ. ಕಚೇರಿಯ ವಿಷಯ ಶುರುಮಾಡಿದೆ. ಗೆರೆ ಎಷ್ಟು ಇಳಿಯಿತು ಎಂದು ಗಾಳಿಯಲ್ಲಿ ಕೈಯಿಂದ ಬರೆದು ತೋರಿಸಿದೆ. ಇತಿಹಾಸದವರ ಪುಸ್ತಕ, ರಸಾಯನಶಾಸ್ತ್ರದವರ ಪರದೆ, ಮೀಸೆಯವರು ಕೈ ಎತ್ತಿದ್ದು, ದೆವ್ವಕ್ಕೆ ರಿಯಾಯಿತಿ, ಎಲ್ಲವನ್ನೂ ಹೇಳಿದೆ. ಇಷ್ಟು ಮಾತು ನನ್ನೊಳಗಿತ್ತು ಎಂದು ನನಗೇ ಗೊತ್ತಿರಲಿಲ್ಲ. ಇಷ್ಟು ವರ್ಷ ಅವರು ಮಾತಾಡಿ ನಾನು ಕೇಳಿದವನು. ಇವತ್ತು ಅವರು ಕೇಳಿದರು. ನಡುವೆ ಒಮ್ಮೆ, ಪೆಟ್ಟಿಗೆಯನ್ನು ನಾನೇ ತರಬೇಕಿತ್ತು ಭಾವ, ಎಂದೂ ಹೇಳಿದೆ. ಅದನ್ನು ಹೇಳಬೇಕೆಂದು ಹೋದವನಲ್ಲ, ಮೀಸೆಯವರ ಸುದ್ದಿಯ ಬೆನ್ನಿಗೇ ಬಂದುಬಿಟ್ಟಿತು.

ಭಾವನ ಎಡಗೈ ಮೇಲೆದ್ದಿತು. ಅಕ್ಕ ಹಲಗೆ ಹಿಡಿದಳು. ಬೆರಳು ನಡುಗುತ್ತ ಹೋಗಿ ಒಂದು ಅಕ್ಷರದ ಮೇಲೆ ಕೂತಿತು, ಆಮೇಲೆ ಇನ್ನೊಂದರ ಮೇಲೆ. ಬಹಳ ಹೊತ್ತು ಹಿಡಿಯಿತು. ಏನು ಬರುತ್ತದೋ ಎಂದು ಕಾದು ನಿಂತಿದ್ದೆ. ಅಕ್ಕ ಓದಿದಳು: "'ಕೂತ್ಕೋ' ಅಂತಿದಾರೆ."

ಆ ಕೋಣೆಯಲ್ಲಿ ಕೂರಲು ಇದ್ದದ್ದು ಒಂದೇ, ಮಂಚದ ಪಕ್ಕದಲ್ಲಿದ್ದ ಅವರ ಗಾಲಿ ಕುರ್ಚಿ.

"ಹೊರಗಿಂದ ಒಂದು ತರ್ತೀನಿ" ಎಂದೆ.

ಬೆರಳು ಹಲಗೆ ಬಿಟ್ಟು ನೇರವಾಗಿ ಗಾಲಿ ಕುರ್ಚಿಯನ್ನೇ ತೋರಿಸಿತು.

"ಅದು ಅವರದು ಅಕ್ಕ."

"ಗೊತ್ತು. ಅವರೇ ತಾನೆ ಹೇಳ್ತಿರೋದು?"

ಕೂತೆ. ಬ್ರೇಕು ಹಾಕಿರಲಿಲ್ಲ. ಕುರ್ಚಿ ನನ್ನನ್ನು ಹೊತ್ತುಕೊಂಡು ಹಿಂದಕ್ಕೆ ಜಾರಿ ಕಪಾಟಿಗೆ ಹೋಗಿ ಬಡಿಯಿತು. ಭಾವನ ಎದೆಯೊಳಗಿಂದ ಏನೋ ಒಂದು ಸದ್ದು ಎದ್ದಿತು, ಭುಜ ಕುಲುಕತೊಡಗಿತು. ಏನಾಯಿತೋ ಎಂದು ಹೆದರಿ ಅಕ್ಕನ ಮುಖ ನೋಡಿದೆ.

"ನಗ್ತಿದಾರೆ" ಎಂದಳು ಅಕ್ಕ, ಕಣ್ಣು ಒರೆಸಿಕೊಳ್ಳುತ್ತ. "ಬ್ರೇಕು ಎಡಗಡೆ ಇದೆ, ಹಾಕ್ಕೋ."

ಹಾಕಿಕೊಂಡೆ. ತಟ್ಟೆಯನ್ನು ಅಲ್ಲಿಗೇ ತಂದುಕೊಟ್ಟಳು. ಸಂಜೆಯವರೆಗೂ ಅದರಲ್ಲೇ ಕೂತಿದ್ದೆ.